ಆರು ಅಂಕಿಯ ಚುಕ್ಕೆ

ಕಾಗದ ಬಂದಾಗ ನಾನು ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಏಳೋಕೆ ಸೋಮಾರಿತನವಾಗಿ ಕೂತಲ್ಲಿಂದಲೇ ಅಂಚೆಯವನಿಗೆ ಕೈ ಚಾಚಿದೆ. ಸೊಸೆಯ ಹೆಸರಿತ್ತು. ಅವಳ ಕಾಗದ ಅವಳೇ ಒಡೀಲಿ ಅಂತ ಮೇಜಿನ ಮೇಲಿಟ್ಟು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಮನೆಯಲ್ಲಿ ಕಾಗದಪತ್ರವೆಲ್ಲ ನಮ್ಮವರ ಇಲಾಖೆ. ಮೂವತ್ತೈದು ವರ್ಷ ಸರ್ವೆ ಕಚೇರಿಯಲ್ಲಿ ಜಮೀನು ಅಳೆದು ನಕ್ಷೆ ಬರೆದ ಮನುಷ್ಯ. ನಿವೃತ್ತಿಯಾಗಿ ಏಳು ವರ್ಷ ಕಳೆದರೂ ಕರೆಂಟ್ ಬಿಲ್ಲನ್ನು ಎರಡು ಸಲ ಓದಿ, ಮೂಲೆಯಲ್ಲಿ ತಾರೀಖು ಹಾಕಿಯೇ ಡಬ್ಬಕ್ಕೆ ಸೇರಿಸೋದು. ಅವರು ಒಡೆದರು. ನಾನೂ ಬೇಡ ಅನ್ನಲಿಲ್ಲ.

ಸೊಸೆ ನರ್ಸು. ಆಸ್ಪತ್ರೆಯಲ್ಲಲ್ಲ, ಒಂದು ಸಂಸ್ಥೆಯ ಕಡೆಯಿಂದ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾಳೆ. ಸ್ನಾನ ಮಾಡಿಸೋದು, ಬೆನ್ನುಹುಣ್ಣಿಗೆ ಪಟ್ಟಿ ಹಾಕೋದು, ಮಗ್ಗುಲು ಬದಲಾಯಿಸೋದು, ಗಂಜಿ ಕುಡಿಸೋದು. ರೋಗಿಯ ಮನೆ ಸೇರಿದ ತಕ್ಷಣ ಒಂದು ನಂಬರಿಗೆ ಫೋನ್ ಮಾಡಿ ಕಟ್ ಮಾಡಬೇಕು, ಹೊರಡುವಾಗ ಇನ್ನೊಂದು ಸಲ. ಆಗ ಫೋನ್ ಎಲ್ಲಿತ್ತು ಅಂತ ಸಂಸ್ಥೆಯವರು ಫೋನ್ ಕಂಪನಿಯಿಂದ ತರಿಸಿಕೊಳ್ಳುತ್ತಾರಂತೆ. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಒಳ್ಳೇ ಫೋನನ್ನು ಪಾಠಕ್ಕೆ ಬೇಕು ಅಂತ ಮಗಳಿಗೆ ಕೊಟ್ಟುಬಿಟ್ಟಿದ್ದಳು.

ಕಾಗದದಲ್ಲಿ ಬರೆದದ್ದು ಇಷ್ಟು. ಹಿನ್ನೀರಿನ ಈಚೆ ದಡದಲ್ಲಿರುವ ಒಬ್ಬ ಮುದುಕರ ಮನೆಗೆ ಕಳೆದ ತಿಂಗಳು ಹನ್ನೊಂದು ಸಲ ಹೋದೆ ಎಂದು ತೋರಿಸಿದ್ದೀರಿ. ಆ ಹನ್ನೊಂದು ಸಲವೂ ನಿಮ್ಮ ಫೋನ್ ಆಚೆ ದಡದಲ್ಲಿತ್ತು. ಮೂರು ವಾರದೊಳಗೆ ಕಚೇರಿಗೆ ಬಂದು ಉತ್ತರ ಕೊಡಿ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡಿ. ಉತ್ತರ ಸರಿಯಿಲ್ಲದಿದ್ದರೆ ನರ್ಸಿನ ಕಾರ್ಡ್ ರದ್ದು. ಕಾರ್ಡ್ ಹೋದರೆ ಬೇರೆ ಯಾವ ಸಂಸ್ಥೆಯೂ ಹತ್ತಿರ ಸೇರಿಸಲ್ಲ. ಜೊತೆಗೆ ಎರಡು ಹಾಳೆಯ ಪಟ್ಟಿ, ತಾರೀಖು, ಹೊತ್ತು, ಅದರ ಮುಂದೆ ಅಂಕಿಗಳು.

ನಮ್ಮವರು ಅಂಕಿ ನೋಡಿದ್ದೇ ತಡ, ಕನ್ನಡಕ ಒರೆಸಿಕೊಂಡರು. ಅಕ್ಷಾಂಶ, ರೇಖಾಂಶ, ಬಿಂದುವಿನ ಆಚೆ ಆರಾರು ಅಂಕಿ. ಮೊಮ್ಮಗಳನ್ನು ಕರೆದು ಫೋನಿನಲ್ಲಿ ಹಾಕು ಅಂದರು. ಹನ್ನೆರಡು ವರ್ಷದ ಹುಡುಗಿ. ಚಿಕ್ಕವಳಿದ್ದಾಗ ದಿನವಿಡೀ ಕುಯ್ಯೋಳು ಅಂತ ಅವಳಿಗೆ ಪಿಟೀಲು ಅಂತಲೇ ಹೆಸರು ಬಿದ್ದಿದೆ. ಪಿಟೀಲು ಒಂದೊಂದೇ ಅಂಕಿ ಒತ್ತಿ, "ಅಜ್ಜ, ಇಲ್ಲಿ ಲಾಡ್ಜ್ ಅಂತ ಬರ್ತಿದೆ" ಅಂದಳು.

ನನ್ನ ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು.

ಸಂಜೆ ಸೊಸೆ ಬಂದು, ಚೀಲ ಇಳಿಸಿ, ಕೈಕಾಲು ತೊಳೆದುಕೊಂಡಳು. ಆಮೇಲೆ ಕಾಗದ ಕೊಟ್ಟೆವು. ನಿಂತೇ ಓದಿದಳು. ಒಡೆದಿರೋದು ಯಾರು ಅಂತ ಕೇಳಲಿಲ್ಲ. ಇದೇನಿದು ತಲೆಬುಡ ಇಲ್ಲದ್ದು, ಆಚೆ ದಡದ ಮುಖಾನೇ ನಾನು ನೋಡಿಲ್ಲ, ನಾಳೆ ಹೋಗಿ ಹೇಳಿ ಬರ್ತೀನಿ ಅಂದಳು. ಅಷ್ಟಕ್ಕೇ ಮುಗೀತಿತ್ತೋ ಏನೋ. ನಮ್ಮವರು ಬಾಯಿ ಹಾಕಿದರು.

"ನೋಡಮ್ಮ, ನಾನು ಹೀಗಳೆಯೋಕೆ ಹೇಳ್ತಿಲ್ಲ. ಆದರೆ ಇದು ಆರು ಅಂಕಿ. ನಮ್ಮ ಕಾಲದಲ್ಲಿ ನಾಲ್ಕು ಅಂಕಿ ಬಂದರೆ ಸಾಹೇಬರು ಬೆನ್ನು ತಟ್ಟೋರು. ಆರು ಅಂಕಿ ಅಂದರೆ ಅರ್ಧ ಗೇಣು ಆಚೀಚೆ ಆಗಲ್ಲ."

"ಅಂದರೆ ನಾನು ಸುಳ್ಳು ಹೇಳ್ತಿದ್ದೀನಾ ಮಾವ?"

"ನಾನು ಅಂಕಿಯ ಮಾತಾಡ್ತಿದ್ದೀನಿ."

ಬಾಗಿಲಲ್ಲಿ ಮಗ ನಿಂತಿದ್ದ. ಲಿಫ್ಟ್ ರಿಪೇರಿ ಮಾಡೋನು, ಕೈಯೆಲ್ಲ ಗ್ರೀಸು. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದನೋ. ಅಪ್ಪನ ಕೈಯಿಂದ ಹಾಳೆ ತಗೊಂಡು, ಮಗಳ ಕೈಯಿಂದ ಫೋನ್ ತಗೊಂಡು, ಎರಡನ್ನೂ ನೋಡಿದ. ಪಟ್ಟಿಯ ಆ ಬಿಳೀ ಹಾಳೆಯ ಮೇಲೆ ಅವನ ಹೆಬ್ಬೆಟ್ಟಿನ ಕಪ್ಪು ಗುರುತು ಬಿತ್ತು.

"ಹನ್ನೊಂದು ಸಲಾನೂ ಒಂದೇ ಜಾಗ" ಅಂದ. ಹೆಂಡತಿಯ ಮುಖ ನೋಡಲಿಲ್ಲ.

ಅವಳು ಅನ್ನಕ್ಕೆ ಇಡಬೇಕು ಅಂತ ಒಳಗೆ ಹೋದಳು.

ಮಾರನೆಯ ದಿನ ಅವಳು ಸಂಸ್ಥೆಗೆ ಹೋಗಿ ಬಂದದ್ದೂ ಆಯಿತು. ಗಾಜಿನ ಹಿಂದಿನ ಹುಡುಗಿ, ಏನಿದ್ದರೂ ವಿಚಾರಣೆಯ ದಿನ ಹೇಳಿ ಅಂದಳಂತೆ. ಆ ಮುದುಕರನ್ನೇ ಕೇಳಿ ಅಂದರೆ, ಅವರಿಗೆ ಲಕ್ವ ಹೊಡೆದು ಬಾಯಿ ಹೋಗಿದೆ, ಮಗಳು ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಸಂಜೆ ಬರೋದು, ನೀವು ಒಂದೂವರೆ ಗಂಟೆ ಇದ್ದಿರೋ ಹತ್ತು ನಿಮಿಷ ಇದ್ದಿರೋ ಅವಳಿಗೇನು ಗೊತ್ತು ಅಂದಳಂತೆ.

ಅದಾದ ಮೇಲೆ ಮನೆಯಲ್ಲಿ ಶುರುವಾಯಿತು ನೋಡಿ. ಜಗಳ ಅಂದರೆ ಪಾತ್ರೆ ಎಸೆಯೋ ಜಗಳವಲ್ಲ. ಅದಾದರೂ ಒಂದು ಹೊತ್ತಿಗೆ ಮುಗಿಯುತ್ತೆ. ಇದು ಹಲ್ಲಿನಲ್ಲಿ ನಾರು ಸಿಕ್ಕಿಕೊಂಡ ಹಾಗೆ. ಮಗ ಊಟಕ್ಕೆ ಕೂತರೆ ಅವಳು ಬಡಿಸಿ ಎದ್ದುಹೋಗೋಳು. ಅವಳು ಊಟಕ್ಕೆ ಕೂತರೆ ಅವನಿಗೆ ಟೆರೇಸ್ ಮೇಲೆ ಏನೋ ಕೆಲಸ ನೆನಪಾಗೋದು. ಉಪ್ಪು ಬೇಕಾದರೆ, "ಪಿಟೀಲೂ, ಅಮ್ಮನಿಗೆ ಉಪ್ಪು ಕೊಡೋಕೆ ಹೇಳು" ಅಂತ ಎರಡಡಿ ದೂರದಲ್ಲಿರೋ ಹೆಂಡತಿಗೆ ಮಗಳ ಮೂಲಕ ಸಂದೇಶ. ಹುಡುಗಿ ಒಂದು ದಿನ ರೋಸಿಹೋಗಿ ಉಪ್ಪಿನ ಡಬ್ಬವನ್ನೇ ಇಬ್ಬರ ಮಧ್ಯೆ ಕುಕ್ಕಿ, ನಾನು ಪೋಸ್ಟಾಫೀಸಲ್ಲ ಅಂತ ಹೇಳಿ ಎದ್ದುಹೋದಳು.

ಇಷ್ಟರಲ್ಲಿ ಇನ್ನೊಂದು ಸಂಗತಿ. ಕೆಲಸಕ್ಕೆ ಬರಬೇಡ ಅಂದಿದ್ದರೂ ಸೊಸೆ ವಾರಕ್ಕೆ ಮೂರು ಬೆಳಿಗ್ಗೆ ಚೀಲ ಹಿಡಿದು ಹೊರಡುತ್ತಿದ್ದಳು. ಒಂಬತ್ತಕ್ಕೆ ಹೋಗಿ ಹನ್ನೊಂದೂವರೆಗೆ ಬರೋಳು. ಮೊದಲನೇ ದಿನ ಮಗ ಶೂ ಕಟ್ಟುತ್ತಿದ್ದವನು ತಲೆ ಎತ್ತಿ ಕೇಳಿಯೇಬಿಟ್ಟ.

"ಕೆಲಸ ಇಲ್ಲವಲ್ಲ, ಎಲ್ಲಿಗೆ?"

"ಆ ಅಜ್ಜನಿಗೆ ಸ್ನಾನ ಮಾಡಿಸೋಕೆ. ನನ್ನ ಬದಲು ಸಂಸ್ಥೆಯವರು ಯಾರನ್ನೂ ಕಳಿಸಿಲ್ಲ. ಬೆನ್ನುಹುಣ್ಣು ಈಗ ತಾನೇ ಒಣಗ್ತಾ ಇದೆ, ಬಿಟ್ಟರೆ ಮತ್ತೆ ಕೀವಾಗುತ್ತೆ."

"ಸಂಬಳ ಇಲ್ಲದೆ?"

"ಹುಣ್ಣಿಗೆ ಅದು ಗೊತ್ತಾ?"

ಅವನು ಇನ್ನೊಂದು ಶೂ ಕಟ್ಟದೆ, ಅದರ ಲೇಸು ನೆಲಕ್ಕೆ ಎಳೆಯುತ್ತಲೇ ಹೊರಟುಹೋದ. ಆ ಸಂಜೆ ನನ್ನ ಹತ್ತಿರ ಬಂದು ಕೂತು, ಅಮ್ಮ ಇವಳು ಯಾರಿಗೆ ಕಥೆ ಹೇಳ್ತಾಳೆ ಅಂದ. ಅಷ್ಟು ಅನುಮಾನ ಇದ್ದರೆ ಹೋಗಿ ನೋಡು ಅಂದೆ. ಹೆಂಡತಿಯ ಹಿಂದೆ ಬಿದ್ದು ಪತ್ತೇದಾರಿಕೆ ಮಾಡೋ ಜಾತಿ ನಾನಲ್ಲ ಅಂದ. ಅಬ್ಬಾ, ಎಂಥ ಮರ್ಯಾದಸ್ಥ. ಅನುಮಾನ ಪಡೋಕೆ ಮರ್ಯಾದೆ ಅಡ್ಡ ಬರಲಿಲ್ಲ, ಹೋಗಿ ನೋಡೋಕೆ ಬಂತು.

ಅವನನ್ನು ಆಡಿಕೊಂಡು ನಾನೇನು ಸಾಧಿಸಿದೆ? ನಾನೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಹೋಗಿ, ಅಲ್ಲಿ ಅವಳು ಇಲ್ಲದಿದ್ದರೆ? ಹದಿಮೂರು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೀವಿ. ನನಗೆ ಟೈಫಾಯ್ಡ್ ಆದಾಗ ನಾನು ಹೆತ್ತ ಮಗ ಬಾಗಿಲಲ್ಲಿ ನಿಂತು ಹೇಗಿದ್ದೀಯಮ್ಮ ಅಂತ ಕೇಳ್ತಿದ್ದ, ಒಳಗೆ ಬಂದು ತಲೆ ಬಾಚಿದವಳು ಇವಳು. ಅಂಥವಳ ಮೇಲೆ ಅನುಮಾನ ಬರಬಾರದಿತ್ತು. ಬಂತು. ಅವಳು ಹೊರಟ ಮೇಲೆ ಅವಳ ಬಟ್ಟೆಯ ಕಪಾಟು ತೆಗೆದು ಹೊಸ ಸೀರೆ ಏನಾದರೂ ಇದೆಯಾ ಅಂತ ನೋಡಿದೆ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ನೋಡಿದೆ. ಏನೂ ಇರಲಿಲ್ಲ. ಇಲ್ಲ ಅಂತ ನೋಡಿದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ.

ಹೀಗೆ ಎರಡು ವಾರ ಕಳೆಯಿತು.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಬೇಕರಿಯವನು ಪ್ಯಾಂಟಿನ ಅಳತೆ ಕೊಡೋಕೆ ಬಂದ. ಡೊಳ್ಳು ಹೊಟ್ಟೆಯ ಮನುಷ್ಯ, ಟೇಪು ಹಿಡಿದರೆ ಉಸಿರು ಒಳಗೆಳೆದುಕೊಳ್ತಾನೆ. ಮೊದಲ ಸಲ ನಲವತ್ತೆರಡು ಬಂತು. ಉಸಿರು ಬಿಡಪ್ಪಾ ಅಂದೆ, ನಲವತ್ತಮೂರೂವರೆ. ಮೂರನೇ ಸಲ ಹಿಡಿದರೆ ನಲವತ್ತಮೂರು. ಹೊಟ್ಟೆ ಯಾರದ್ದಾದರೂ ಅಷ್ಟೇ, ಎರಡು ಸಲ ಅಳೆದರೆ ಕಾಲಿಂಚಾದರೂ ಹೆಚ್ಚುಕಮ್ಮಿ ಬಂದೇ ಬರುತ್ತೆ. ನನ್ನ ಹತ್ತಿರ ಕಲಿಯೋಕೆ ಬಂದ ಹುಡುಗಿಯರ ಪುಸ್ತಕದಲ್ಲಿ ಮೂರು ಸಲಾನೂ ಒಂದೇ ಅಂಕಿ ಇದ್ದರೆ ನಾನು ಬೈಯುತ್ತಿದ್ದೆ, ಇದು ಅಳೆದದ್ದಲ್ಲ ಕಣೇ, ಮೇಲಿನದು ನೋಡಿ ಬರೆದದ್ದು ಅಂತ.

ಹಾಗಂತ ಮನಸ್ಸಿನಲ್ಲಿ ಅಂದುಕೊಂಡವಳ ಕೈಯಿಂದ ಟೇಪು ಜಾರಿತು. ಬೇಕರಿಯವನು, ಏನಮ್ಮ ಅಷ್ಟೊಂದು ದಪ್ಪ ಆಗಿದೀನಾ ಅಂತ ಕೇಳಿದ. ಅವನನ್ನು ಸಾಗಹಾಕಿ ಒಳಗೆ ಬಂದೆ. ನಮ್ಮವರು ಬೆಳಗಿನ ಊಟಕ್ಕೆ ಕೂತಿದ್ದರು.

"ರೀ, ನೀವು ಒಂದು ಜಮೀನನ್ನ ಹನ್ನೊಂದು ಸಲ ಅಳೆದರೆ ಹನ್ನೊಂದು ಸಲಾನೂ ಒಂದೇ ಬರುತ್ತಾ?"

"ಬರಲ್ಲ. ಸರಪಳಿ ಹಿಗ್ಗುತ್ತೆ, ಬಿಸಿಲಿರುತ್ತೆ. ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತೆ."

"ಮತ್ತೆ ನಮ್ಮ ಸೊಸೆ ಹನ್ನೊಂದು ದಿನಾನೂ ಅರ್ಧ ಗೇಣು ಆಚೀಚೆ ಇಲ್ಲದೆ ಒಂದೇ ಕಡೆ ಹೇಗೆ ಕೂತಿದ್ದಳು? ನೆಲಕ್ಕೆ ಮೊಳೆ ಹೊಡೆದಿದ್ದರಾ ಅವಳನ್ನ?"

ಅನ್ನ ಕಲಸುತ್ತಿದ್ದವರು ಎದ್ದು, ಎಡಗೈಯಲ್ಲೇ ಆ ಹಾಳೆಗಳನ್ನು ತಂದು ತಟ್ಟೆಯ ಪಕ್ಕ ಹರಡಿದರು. ಪಟ್ಟಿಯಲ್ಲಿ ಪೇಟೆಯೊಳಗಿನ ಇನ್ನಿಬ್ಬರು ರೋಗಿಗಳ ಮನೆಯ ಸಾಲುಗಳೂ ಇದ್ದವು. ಅವನ್ನು ಯಾರೂ ತಕರಾರು ಮಾಡಿರಲಿಲ್ಲ, ನಾವೂ ನೋಡಿರಲಿಲ್ಲ. ಅಲ್ಲಿ ಒಂದೊಂದು ದಿನವೂ ಕೊನೆಯ ಮೂರು ಅಂಕಿ ಬೇರೆಬೇರೆ. ಹಿನ್ನೀರಿನ ಮನೆಯದ್ದು ಮಾತ್ರ ಅಚ್ಚು ಒತ್ತಿದ ಹಾಗೆ. ನಮ್ಮವರು ಎಂಜಲು ಕೈ ಒಣಗೋವರೆಗೂ ಅದನ್ನೇ ನೋಡುತ್ತಾ ಕೂತರು. ಆಮೇಲೆ ಬಹಳ ಮೆಲ್ಲಗೆ, ಇದು ನನ್ನ ಕಣ್ಣಿಗೆ ಬೀಳಬೇಕಾಗಿತ್ತು ಅಂದರು. ಹೌದು, ಬೀಳಬೇಕಾಗಿತ್ತು ಅಂದೆ. ಸಮಾಧಾನ ಮಾಡೋ ಮನಸ್ಸಿರಲಿಲ್ಲ ನನಗೆ.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಹಿನ್ನೀರು ಸುತ್ತಿಕೊಂಡು ಹೋಗಬೇಕು, ಎರಡು ಬಸ್ಸು ಬದಲಾಯಿಸಬೇಕು. ಪಿಟೀಲಿನ ಫೋನು ಇವರ ಕೈಯಲ್ಲಿ. ಆಚೆ ದಡದಲ್ಲಿ ಇಳಿದು ಅಂಕಿ ಹೇಳಿದ ಕಡೆಗೆ ನಡೆದರೆ ಲಾಡ್ಜ್ ಬಂತು. ಮೂರಂತಸ್ತು, ಬಣ್ಣ ಕಿತ್ತುಹೋದ ಗೋಡೆ, ಮುಂದೆ ಒಣಗಲು ಹಾಕಿದ ಬೆಡ್‌ಶೀಟು. ಆದರೆ ಚುಕ್ಕೆ ಲಾಡ್ಜಿನ ಒಳಗೆ ನಿಲ್ಲಲಿಲ್ಲ. ಪಕ್ಕದ ಓಣಿಯಲ್ಲಿ ಹಿಂದಕ್ಕೆ ಹೋಗಿ ಒಂದು ತಂತಿಬೇಲಿಯ ಮುಂದೆ ನಿಂತಿತು. ಒಳಗೆ ಮೊಬೈಲ್ ಟವರು, ಜನರೇಟರು, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಬುಡದಲ್ಲಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡ ಒಬ್ಬ ನಡುವಯಸ್ಸಿನ ಟವರ್ ಕೆಲಸಗಾರ ಚಹಾ ಕುಡಿಯುತ್ತಿದ್ದ.

ಇವರು ಬೇಲಿಯ ಆಚೆಯಿಂದಲೇ ಎಲ್ಲ ವಿಷಯ ಹೇಳಿದರು. ಸೊಸೆಯ ಹೆಸರು ಕೆಡುತ್ತೆ ಅಂತ ನಮ್ಮ ಪೈಕಿಯ ಒಬ್ಬ ಹೆಣ್ಣುಮಗಳು ಅಂದರು. ಅವನು ಗೇಟು ತೆಗೆದು ಒಳಗೆ ಕರೆದು, ಮೇಲೆ ನೋಡಿ ಅಂದ. ತುದಿಯಲ್ಲಿ ಮೂರು ಕಡೆಗೆ ಮುಖ ಮಾಡಿ ಬಾಗಿಲಿನ ಪಟ್ಟಿಯಂಥ ಡಬ್ಬಗಳು. ಒಂದು ಹೆದ್ದಾರಿಯ ಕಡೆ, ಒಂದು ಹೊಲಗಳ ಕಡೆ, ಒಂದು ನೀರಿನ ಕಡೆ. ನೀರಿನ ಆಚೆ ಗುಡ್ಡ, ಗುಡ್ಡದ ಬುಡದಲ್ಲಿ ಸಾಲು ಮನೆಗಳು ಚಿಕ್ಕದಾಗಿ ಕಾಣುತ್ತಿದ್ದವು. ಆ ಮುದುಕರ ಮನೆ ಅದರಲ್ಲೇ ಒಂದು.

ಅವನು ಹೇಳಿದ್ದು ನನಗೂ ಅರ್ಥವಾಯಿತು. ಫೋನು ಕಣ್ಣಿಗೆ ಹತ್ತಿರದ ಟವರನ್ನೇ ಹಿಡಿಯುತ್ತೆ ಅಂತಿಲ್ಲ, ಯಾವುದರ ಸಿಗ್ನಲ್ ಜೋರಾಗಿ ಬರುತ್ತೋ ಅದನ್ನು ಹಿಡಿಯುತ್ತೆ. ಆ ಮನೆಗಳ ಪಾಲಿನ ಟವರು ಗುಡ್ಡದ ಹಿಂದೆ ಇದೆ, ಗುಡ್ಡ ಅಡ್ಡ. ನೀರಿನ ಮೇಲೆ ಅಡ್ಡ ಏನೂ ಇಲ್ಲ, ಅದಕ್ಕೇ ಆ ದಡದ ಫೋನುಗಳೆಲ್ಲ ಮೂರು ಕಿಲೋಮೀಟರ್ ದಾಟಿ ಈ ಟವರಿಗೆ ಅಂಟಿಕೊಳ್ಳುತ್ತವೆ. ದೊಡ್ಡ ಫೋನಾದರೆ ಉಪಗ್ರಹ ನೋಡಿ ತಾನೇ ಜಾಗ ಹೇಳುತ್ತೆ, ಗುಂಡಿ ಫೋನಿಗೆ ಆ ಶಕ್ತಿ ಇಲ್ಲ, ಟವರಿನಿಂದಲೇ ಅಂದಾಜು ಮಾಡಬೇಕು.

"ದೂರ ಗೊತ್ತಾಗಲ್ವಾ?" ಅಂತ ನಮ್ಮವರು ಕೇಳಿದರು.

"ಗೊತ್ತಾಗುತ್ತೆ ಯಜಮಾನ್ರೇ, ಫೋನಿನ ಉತ್ತರ ಎಷ್ಟು ತಡವಾಗಿ ಬಂತು ಅನ್ನೋದರ ಮೇಲೆ. ಅದೂ ಅರ್ಧರ್ಧ ಕಿಲೋಮೀಟರಿನ ಲೆಕ್ಕ. ಮೂರು ಟವರಿಗೆ ಫೋನ್ ಸಿಕ್ಕಿದರೆ ಮೂರು ವೃತ್ತ ಎಳೆದು, ಎಲ್ಲಿ ಕೂಡುತ್ತೋ ಅಲ್ಲೆಲ್ಲೋ ಇದೆ ಅಂತಾರೆ. ಪೇಟೆಯೊಳಗೆ ಹಾಗೇ ಮಾಡೋದು. ಒಂದೇ ಟವರು ಅಂದರೆ ಎಷ್ಟೋ ಸಲ ಆ ತಲೆನೋವೇ ಬೇಡ ಅಂತ ಚುಕ್ಕೇನ ಟವರಿನ ಮೇಲೇ ಇಟ್ಟುಬಿಡ್ತಾರೆ."

"ಮತ್ತೆ ಆರು ಅಂಕಿ?"

"ಅದು ಫೋನಿಂದಲ್ಲ, ಈ ಕಂಬದ್ದು. ಕಂಬ ನಿಲ್ಲಿಸೋವಾಗ ಯಾರೋ ಸರ್ವೇಯರ್ ಬಂದು ಅಳೆದುಕೊಟ್ಟ ಅಂಕಿ."

ನಮ್ಮವರು ಜನರೇಟರಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಮೂರು ಕಡೆಯಿಂದ ಹಿಡಿದು ಒಂದು ಬಿಂದು ಹುಡುಕೋದೇ ಅವರ ಜೀವಮಾನದ ಕೆಲಸವಾಗಿತ್ತು. ತಾವು ಬರೆದ ಪ್ರತಿ ನಕ್ಷೆಯ ಅಂಚಿನಲ್ಲೂ ಇಷ್ಟು ತಪ್ಪಿರಬಹುದು ಅಂತ ಬರೆದು ಸಹಿ ಮಾಡಿದವರು. ಈ ಹಾಳೆಗೆ ಆ ಒಂದು ಪ್ರಶ್ನೆ ಕೇಳಲಿಲ್ಲ. ಕಂಬದ ಅಳತೆ ಓದಿ ಮನೆಯ ಹೆಣ್ಣುಮಗಳ ಮೇಲೆ ಹೊರಿಸಿದೆನಲ್ಲೇ ಅಂತ ನನ್ನ ಮುಖ ನೋಡಿದರು. ಕೆಲಸಗಾರ ಅವರಿಗೂ ಒಂದು ಲೋಟ ಚಹಾ ಬಗ್ಗಿಸಿಕೊಟ್ಟ.

ಆಮೇಲಿನದೆಲ್ಲ ಸಲೀಸು. ಇವರು ಎರಡು ದಿನ ಕೂತು ಉತ್ತರ ಬರೆದರು. ಗುಡ್ಡ, ನೀರು, ಎರಡು ಟವರು ಎಲ್ಲ ಇರೋ ನಕ್ಷೆ, ಬಣ್ಣದ ಪೆನ್ಸಿಲಿನಲ್ಲಿ. ಅಂಚಿನಲ್ಲಿ ತಪ್ಪಿನ ಪ್ರಮಾಣ ಬರೆಯೋದನ್ನು ಈ ಸಲ ಮರೆಯಲಿಲ್ಲ. ವಿಚಾರಣೆಯ ದಿನ ಸೊಸೆಯ ಜೊತೆ ಇವರೂ ಮಗನೂ ಹೋದರು. ಅಲ್ಲಿನ ಮೇಡಂ ಕಂಪ್ಯೂಟರಿನಲ್ಲಿ ಅದೇ ಪಟ್ಟಿ ತೆಗೆದು ನೋಡಿದರೆ, ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತಂತೆ. ನಾಲ್ಕು ಕಿಲೋಮೀಟರ್ ಹೆಚ್ಚುಕಡಿಮೆ ಇರಬಹುದು ಅಂತ ಫೋನ್ ಕಂಪನಿಯವರೇ ಪ್ರತಿ ಸಾಲಿನಲ್ಲೂ ಹೇಳಿದ್ದರು. ಹಾಳೆಯ ಅಗಲ ಸಾಲದೆ ಆ ಕಾಲಂ ಪ್ರಿಂಟಿನಲ್ಲಿ ಬಂದಿರಲಿಲ್ಲ. ಮೇಡಂ ಸಾರಿ ಅಂದರು, ಕಾರ್ಡ್ ರದ್ದು ಮಾಡಲ್ಲ, ಸೋಮವಾರದಿಂದ ಬನ್ನಿ ಅಂದರು. ತಪ್ಪಾಗಿದೆ ಅಂತ ಸೀಲು ಹಾಕಿದ ಕಾಗದವೂ ಸಿಕ್ಕಿತು.

ಆ ದಿನ ಮಧ್ಯಾಹ್ನ ನಾನೇ ಅಡುಗೆ ಮಾಡಿದೆ. ಬಹಳ ದಿನದ ಮೇಲೆ ಐದೂ ಜನ ಒಟ್ಟಿಗೆ ಕೂತೆವು. ನಮ್ಮವರಿಗೆ ಹಿಡಿತವೇ ಇಲ್ಲ, ತಟ್ಟೆಯ ಅಂಚಿನಲ್ಲಿ ಬೆರಳಿಂದ ವೃತ್ತ ಎಳೆದು ಪಿಟೀಲಿಗೆ ಪಾಠ. ಮಗ ದಾರಿಯಲ್ಲಿ ಒಂದು ಹೊಸ ಫೋನು ಕೊಂಡು ತಂದಿದ್ದ, ದೊಡ್ಡದು. ಡಬ್ಬ ಒಡೆದು ಹೆಂಡತಿಯ ತಟ್ಟೆಯ ಪಕ್ಕ ಇಟ್ಟ.

"ಇನ್ನು ಮೇಲೆ ತೊಂದರೆ ಇಲ್ಲ. ಇದರಲ್ಲಿ ಸರಿಯಾದ ಜಾಗ ತೋರಿಸುತ್ತೆ. ಆಯ್ತಲ್ಲ ಬಿಡು, ಎಲ್ಲ ಸಾಬೀತಾಯ್ತು."

ಅವಳು ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಆಮೇಲೆ ಮಾತಾಡಿದಳು. ದನಿ ಏರಿಸಲಿಲ್ಲ.

"ಆ ಅಜ್ಜನ ಮನೆ ಇಲ್ಲಿಂದ ನಡೆದರೆ ಇಪ್ಪತ್ತೈದು ನಿಮಿಷ. ಮೂರು ವಾರ, ಹೋಗಿ ಬರ್ತೀನಿ ಅಂತ ಹೇಳಿಯೇ ಹೋಗಿದ್ದೀನಿ. ಒಬ್ಬರೂ ಬಂದು ನೋಡಲಿಲ್ಲ. ಮಾವ, ಅತ್ತೆ, ನೀವಿಬ್ಬರೂ ಎರಡು ಬಸ್ ಹತ್ತಿ ಕಂಬವನ್ನ ಕೇಳೋಕೆ ಹೋದ್ರಿ."

ನಾನು ಟೇಪು ಹಿಡಿದು ಕಂಡುಹಿಡಿದೆ ಅಂತ ಒಳಗೊಳಗೇ ಬೀಗಿದ್ದೆನಲ್ಲ, ಅದೆಲ್ಲ ಅಲ್ಲೇ ಇಳಿದುಹೋಯಿತು. ಮಗ ತಪ್ಪಾಯ್ತು ಅಂತ ಗೊಣಗಿದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿ, ತನ್ನ ತಟ್ಟೆ ಎತ್ತಿಕೊಂಡು ಎದ್ದಳು. ಫೋನು ಡಬ್ಬದ ಪಕ್ಕ ಅಲ್ಲೇ ಉಳಿಯಿತು.

ಸೋಮವಾರ ಒಂಬತ್ತಕ್ಕೆ ಅವಳು ಚೀಲ ತುಂಬುತ್ತಿದ್ದಳು. ಹತ್ತಿ, ಪಟ್ಟಿ, ಮುಲಾಮು, ಒಗೆದ ಟವೆಲ್ಲು. ನಾನು ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದೆ. ಭಾನುವಾರ ಪೂರ್ತಿ ಈ ಮಾತನ್ನು ಹೇಗೆ ಆಡೋದು ಅಂತ ಯೋಚಿಸಿದ್ದೆ.

"ನಾನೂ ಬರ್ತೀನಿ ಕಣೇ ನಿನ್ನ ಜೊತೆ. ಆ ಅಜ್ಜನ್ನ ನೋಡಿದ ಹಾಗೂ ಆಗುತ್ತೆ."

ಅವಳು ಚೀಲದ ಜಿಪ್ಪು ಎಳೆದು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಈಗ ಯಾಕೆ ಅತ್ತೆ? ಸೀಲು ಹಾಕಿದ ಕಾಗದ ಬಂತಲ್ಲ."

ಹಾಗಂದು ಮೆಟ್ಟಿಲಿಳಿದು ಹೋದಳು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದೆ. ಅವಳು ಬೀದಿಯ ತಿರುವು ದಾಟೋವರೆಗೂ ನಿಂತಿದ್ದು, ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದೆ.